ಹೆಂಚಿನ ಕಿಂಡಿಯಿಂದ ವರ್ಷದ ಉದ್ದವನ್ನು ಅಳೆಯುವ ಬಗೆ

ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬೆಳೆದವರಿಗೆ ನೆಲದ ಮೇಲೆ ಬೀಳುವ ಬಿಸಿಲಿನ ಬಿಲ್ಲೆಗಳ ಪರಿಚಯ ಇದ್ದೇ ಇರುತ್ತದೆ. ಹೆಂಚುಗಳ ನಡುವಿನ ಸಂದಿ ಚೌಕವಾಗಿರಲಿ, ಹರಕುಮುರುಕಾಗಿರಲಿ, ಅದರ ಮೂಲಕ ಇಳಿದ ಬಿಸಿಲು ನೆಲ ಮುಟ್ಟುವಾಗ ದುಂಡಗೇ ಇರುತ್ತದೆ. ಏಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ನಮ್ಮ ಪಡಸಾಲೆಯ ಬಿಲ್ಲೆಗಳೆಲ್ಲ ಒಟ್ಟಿಗೇ ಕುಡುಗೋಲಿನಂತೆ ಬಾಗಿದ್ದನ್ನು ಕಂಡ ಮೇಲೆ ಆ ವಿಷಯದಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಇಂಥ ಒಂದು ಬಿಲ್ಲೆ, ಒಂದು ತೂಕದ ಗುಂಡು, ಒಂದು ಅಳತೆಪಟ್ಟಿ ಮತ್ತು ನಾಲ್ಕಾರು ವರ್ಷಗಳ ತಾಳ್ಮೆ ಇದ್ದರೆ ವರ್ಷದ ಉದ್ದವನ್ನು ಮನೆಯೊಳಗೇ ಅಳೆಯಬಹುದು. ಖಗೋಳಶಾಸ್ತ್ರಜ್ಞರು ಶತಮಾನಗಳ ಕಾಲ ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸವನ್ನು. ಅವರ ಕಿಂಡಿ ಇನ್ನಷ್ಟು ಎತ್ತರದಲ್ಲಿತ್ತು, ಅವರ ಕಾಯುವಿಕೆ ಇನ್ನಷ್ಟು ದೀರ್ಘವಾಗಿತ್ತು, ಅಷ್ಟೆ.

ಅಳೆಯಬೇಕಾದದ್ದು ಯಾವ ವರ್ಷ

ಕೆಲಸಕ್ಕೆ ಕೈಹಾಕುವ ಮೊದಲು ವರ್ಷಗಳು ಎರಡು ಬಗೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ವಿಷುವದ್ವೃತ್ತವನ್ನು ಸೂರ್ಯನು ದಕ್ಷಿಣದಿಂದ ಉತ್ತರಕ್ಕೆ ದಾಟಿದ ಕ್ಷಣದಿಂದ (ಇದೇ ಮಾರ್ಚ್ ವಿಷುವ) ಮುಂದಿನ ಸಲ ಹಾಗೆಯೇ ದಾಟುವವರೆಗಿನ ಅವಧಿಯನ್ನು ಸಾಯನ ವರ್ಷ ಎನ್ನುತ್ತಾರೆ. ಅದರ ಸರಾಸರಿ ಉದ್ದ 365 ದಿನ 5 ಗಂಟೆ 48 ನಿಮಿಷ 45 ಸೆಕೆಂಡು. ಸೂರ್ಯನು ನಕ್ಷತ್ರಗಳ ನಡುವೆ ಒಂದು ಪೂರ್ಣ ಸುತ್ತು ಮುಗಿಸಿ ಅದೇ ನಕ್ಷತ್ರದ ಬಳಿಗೆ ಮರಳಲು ಹಿಡಿಯುವ ಅವಧಿ ನಾಕ್ಷತ್ರಿಕ ವರ್ಷ. ಅದು 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡು. ಭೂಮಿಯ ಅಕ್ಷವು ತಿರುಗುವ ಬುಗುರಿಯ ಮೊಳೆಯಂತೆ ಸುಮಾರು 25,800 ವರ್ಷಗಳಿಗೊಮ್ಮೆ ನಿಧಾನವಾಗಿ ಒಂದು ಸುತ್ತು ಓಲಾಡುವುದರಿಂದ ಈ ಎರಡರ ನಡುವೆ ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಅಂತರ ಬಂದಿದೆ. ಮಳೆ, ಚಳಿ, ಅಡಿಕೆ ಕೊಯ್ಲು ಇವೆಲ್ಲ ಮೊದಲನೆಯ ವರ್ಷವನ್ನು ಅನುಸರಿಸುತ್ತವೆ. ಪಂಚಾಂಗದ ಸಂಕ್ರಮಣಗಳೂ ಮಳೆನಕ್ಷತ್ರಗಳೂ ಎರಡನೆಯದನ್ನು. ಹೆಂಚಿನ ಕಿಂಡಿ ಅಳೆಯುವುದು ಮೊದಲನೆಯದನ್ನು. ಎರಡನೆಯದಕ್ಕೆ ರಾತ್ರಿ ಎಚ್ಚರವಿರಬೇಕಾಗುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ದಿಗಂತ

ಕಿಂಡಿಯ ತಂಟೆಗೆ ಹೋಗುವ ಮುನ್ನ ಒಂದು ವರ್ಷ ಸುಮ್ಮನೆ ಸೂರ್ಯಾಸ್ತವನ್ನು ನೋಡುವುದು ಒಳ್ಳೆಯದು. ಆಗುಂಬೆಯಲ್ಲಿ ನಿಂತು ಪಡುವಣವನ್ನು ನೋಡುವವರಿಗೆ ಸೂರ್ಯ ಮುಳುಗುವ ಜಾಗ ನೇರ ಪಶ್ಚಿಮದಿಂದ ಎರಡೂ ಬದಿಗೆ ಸುಮಾರು 24 ಡಿಗ್ರಿಯಷ್ಟು ಸರಿದಾಡುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಎಂದಿಟ್ಟುಕೊಂಡರೆ, ಡಿಸೆಂಬರ್‌ನ ತುದಿಯಿಂದ ಜೂನ್‌ನ ತುದಿಗೆ ಹತ್ತಿರಹತ್ತಿರ ಐದು ಮುಷ್ಟಿಗಳ ಹರವು. ಆಗುಂಬೆಗೇ ಹೋಗಬೇಕೆಂದಿಲ್ಲ, ಮನೆಯಂಗಳದಲ್ಲಿ ಒಂದು ಕಲ್ಲಿನ ಮೇಲೆ ನಿಂತು ಎದುರಿನ ಗುಡ್ಡದ ಒಂದು ಬಂಡೆಯನ್ನೋ ಒಂಟಿಮರವನ್ನೋ ಗುರುತಿಟ್ಟುಕೊಂಡರೆ ಸಾಕು. ಮಾರ್ಚ್ ತಿಂಗಳಲ್ಲಿ ಮುಳುಗುವ ಜಾಗ ದಿನಕ್ಕೆ ಸುಮಾರು 0.4 ಡಿಗ್ರಿಯಷ್ಟು, ಅಂದರೆ ಸೂರ್ಯಬಿಂಬದ ಮುಕ್ಕಾಲು ಅಗಲದಷ್ಟು, ಬಲಕ್ಕೆ ಸರಿಯುತ್ತದೆ. ಸೂರ್ಯ ಆ ಗುರುತಿನ ಹಿಂದೆ ಮುಳುಗಿದ ದಿನದಿಂದ ಮುಂದಿನ ಮಾರ್ಚ್‌ನಲ್ಲಿ ಅಲ್ಲೇ ಮುಳುಗುವ ದಿನದವರೆಗೆ ಎಣಿಸಿದರೆ 365 ಎಂಬ ಸಂಖ್ಯೆ ಕೈಗೆ ಸಿಗುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು ಈ ವಿಧಾನದಲ್ಲಿ ಬೇಗ ಸಿಗುವುದಿಲ್ಲ. ದಿಗಂತದ ಮಬ್ಬೂ ಗಾಳಿಯಲ್ಲಿ ಬೆಳಕು ಬಾಗುವುದೂ ಅದಕ್ಕೆ ಅಡ್ಡಿ.

ಕಿಂಡಿ ಮತ್ತು ಲಂಬದ ಪಾದ

ಕೋಲಿನ ನೆರಳನ್ನೇಕೆ ಅಳೆಯಬಾರದು ಎಂಬ ಪ್ರಶ್ನೆ ಸಹಜ. ಶಂಕು ನೆಟ್ಟು ನೆರಳು ಅಳೆಯುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಆದರೆ ಸೂರ್ಯನಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚಿನ ಅಗಲವಿರುವುದರಿಂದ ನೆರಳಿನ ತುದಿ ಎಂದೂ ಚೂಪಾಗಿರುವುದಿಲ್ಲ. ಶಿವಮೊಗ್ಗದಲ್ಲಿ 2 ಮೀಟರ್ ಎತ್ತರದ ಕಂಬದ ಮಧ್ಯಾಹ್ನದ ನೆರಳು ಮಾರ್ಚ್ ವಿಷುವದ ಹೊತ್ತಿಗೆ ದಿನಕ್ಕೆ 15 ಮಿ.ಮೀ. ಕುಗ್ಗುತ್ತದೆ, ಅದೇ ನೆರಳಿನ ತುದಿಯ ಮಬ್ಬು ಅಂಚಿನ ಅಗಲವೇ ಸುಮಾರು 20 ಮಿ.ಮೀ. ಅಳೆಯಬೇಕಾದ ವಸ್ತುವಿಗಿಂತ ಅಳತೆಯ ತಪ್ಪು ದೊಡ್ಡದಾದರೆ ಏನು ಪ್ರಯೋಜನ? ಕಿಂಡಿಯಲ್ಲಿ ಈ ತೊಡಕಿಲ್ಲ, ಏಕೆಂದರೆ ಬಿಲ್ಲೆಯ ಎರಡೂ ಅಂಚುಗಳನ್ನು ಗುರುತಿಸಿ ನಡುವನ್ನು ಹಿಡಿಯಬಹುದು.

ಅಟ್ಟವಿಲ್ಲದ, ಹೆಂಚು ನೇರವಾಗಿ ಕಾಣುವ, ನೆಲ ಸಮವಾಗಿರುವ ಒಂದು ಕೋಣೆ ಬೇಕು. ಉತ್ತರ ದಕ್ಷಿಣವಾಗಿ 4 ಮೀಟರ್, ಪೂರ್ವ ಪಶ್ಚಿಮವಾಗಿ 3 ಮೀಟರ್ ಜಾಗ ಖಾಲಿ ಸಿಕ್ಕರೆ ಚೆನ್ನ. ನಾನು ಮೊದಲು ಗಾಜಿನ ಹೆಂಚಿನ ಕೆಳಗೆ ತೂತು ಕೊರೆದ ತಗಡನ್ನು ಅಂಟಿಸಿ ನೋಡಿದೆ. ಮಳೆ ಸೋರುವುದಿಲ್ಲ ಎಂಬ ಲೆಕ್ಕಾಚಾರ. ಆದರೆ ಗಾಜಿನ ಹೆಂಚಿನ ಮೈ ಏರುತಗ್ಗಿನದು, ಬಿಲ್ಲೆ ಜಜ್ಜಿದ ನೆಲ್ಲಿಕಾಯಿಯಂತೆ ಬಿತ್ತು. ಹೀಗಾಗಿ ಮಾರ್ಚ್ ಮೊದಲ ವಾರ ಆ ಗಾಜಿನ ಹೆಂಚನ್ನು ತೆಗೆದು, ಅದೇ ಜಾಗಕ್ಕೆ 5 ಮಿ.ಮೀ. ತೂತಿರುವ, ಒಳಬದಿಗೆ ಕಪ್ಪು ಬಣ್ಣ ಬಳಿದ ತೆಳು ತಗಡನ್ನು ಕೂರಿಸಿ, ಏಪ್ರಿಲ್‌ನ ಮೊದಲ ಗುಡುಗಿಗೆ ಮುಂಚೆ ಹೆಂಚನ್ನು ಮರಳಿ ಇಡುವುದೇ ಸರಿ ಎಂದು ಕಂಡುಕೊಂಡೆ. ಕೋಣೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿ ಕತ್ತಲೆ ಮಾಡಬೇಕು.

ತೂತಿನ ನಡುವಿನಿಂದ ದಾರದಲ್ಲಿ ತೂಕದ ಗುಂಡನ್ನು ಇಳಿಬಿಟ್ಟು, ಅದರ ತುದಿ ನೆಲವನ್ನು ತೋರುವ ಬಿಂದುವನ್ನು ಗುರುತಿಸಬೇಕು. ಇದು ಲಂಬದ ಪಾದ. ಇನ್ನು ಮುಂದಿನ ಅಳತೆಗಳೆಲ್ಲ ಇಲ್ಲಿಂದಲೇ. ಗುಂಡಿನ ಓಲಾಟ ನಿಲ್ಲಲು ಅದನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿಟ್ಟರೆ ಬೇಗ ಸ್ಥಿರವಾಗುತ್ತದೆ. ಆಮೇಲೆ ಲೋಟ ಸರಿಸಿ ಗುರುತು ಹಾಕಬಹುದು. ಕಿಂಡಿಯ ಎತ್ತರವನ್ನೂ ಅದೇ ದಾರದಿಂದ ಅಳೆದಿಟ್ಟುಕೊಳ್ಳಬೇಕು. ಇಲ್ಲಿ ಕೊಡುವ ಸಂಖ್ಯೆಗಳೆಲ್ಲ 4 ಮೀಟರ್ ಎತ್ತರದ ಕಿಂಡಿಗೆ, ಶಿವಮೊಗ್ಗದ ಅಕ್ಷಾಂಶವಾದ 13.93 ಡಿಗ್ರಿಗೆ ಹೊಂದುತ್ತವೆ. ನೆಲದ ಮಟ್ಟವನ್ನು ರಸಮಟ್ಟದಿಂದ ನೋಡಿಕೊಳ್ಳಬೇಕು. ಹಳೆಯ ಮನೆಗಳ ನೆಲ ಕಣ್ಣಿಗೆ ಸಮವಾಗಿ ಕಂಡರೂ ನೀರು ಹೊರಗೆ ಹರಿಯಲೆಂದು ಒಂದು ಬದಿಗೆ ಇಳಿಜಾರಾಗಿರುವುದುಂಟು.

ಉತ್ತರ ದಕ್ಷಿಣ ರೇಖೆ

ಈ ರೇಖೆಯನ್ನು ಎಳೆಯಲು ದಿಕ್ಸೂಚಿಯನ್ನು ನಂಬಬಾರದು. ಅದು ತೋರುವುದು ಭೂಕಾಂತದ ಉತ್ತರವನ್ನು, ಪಕ್ಕದಲ್ಲಿ ಕಬ್ಬಿಣದ ಸರಳಿದ್ದರೆ ಅದನ್ನೂ ಅಲ್ಲ. ನಮ್ಮ ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತದಲ್ಲಿ ಹೇಳಿರುವ ವೃತ್ತದ ವಿಧಾನ ಇಂದಿಗೂ ಸೊಗಸಾಗಿದೆ. ಶಂಕುವಿನ ಬುಡವನ್ನು ಕೇಂದ್ರವಾಗಿಟ್ಟು ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ಆ ವೃತ್ತದೊಳಗೆ ಬರುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಬಿಂದುವನ್ನೂ ಸೇರಿಸಿದರೆ ಅದು ಪೂರ್ವ ಪಶ್ಚಿಮ ರೇಖೆ. ಆ ಎರಡು ಬಿಂದುಗಳಿಂದ ಸಮನಾದ ಕಂಸಗಳನ್ನು ಎಳೆದಾಗ ಅವು ಒಂದನ್ನೊಂದು ಕತ್ತರಿಸಿ ಮೀನಿನಾಕಾರ ಮೂಡುತ್ತದೆ, ಮೀನಿನ ಬಾಯಿಂದ ಬಾಲಕ್ಕೆ ಎಳೆದ ಗೆರೆ ಉತ್ತರ ದಕ್ಷಿಣ. ನಮ್ಮ ಕೋಣೆಯಲ್ಲಿ ಶಂಕುವಿನ ಜಾಗದಲ್ಲಿ ಲಂಬದ ಪಾದ, ನೆರಳಿನ ತುದಿಯ ಜಾಗದಲ್ಲಿ ಬಿಸಿಲಿನ ಬಿಲ್ಲೆ.

ಇದನ್ನು ಡಿಸೆಂಬರ್ 21ರ ಆಸುಪಾಸಿನಲ್ಲಿಯೇ, ಆ ಕೆಲವು ದಿನಕ್ಕೂ ತಗಡನ್ನು ಕೂರಿಸಿಕೊಂಡು, ಮಾಡಬೇಕು. ಆಗ ಸೂರ್ಯನ ಉತ್ತರ ದಕ್ಷಿಣ ಚಲನೆ ನಿಂತಂತೆಯೇ ಇರುತ್ತದೆ, ಆದ್ದರಿಂದ ಬೆಳಿಗ್ಗೆಯ ಗುರುತಿಗೂ ಮಧ್ಯಾಹ್ನದ ಗುರುತಿಗೂ ಹೊಂದಿಕೆ ಕೆಡುವುದಿಲ್ಲ. ಮಾರ್ಚ್‌ನಲ್ಲಿ ಮಾಡಿದರೆ ಎರಡು ಗುರುತುಗಳ ನಡುವಿನ ಹೊತ್ತಿನಲ್ಲೇ ಸೂರ್ಯ ತುಸು ಉತ್ತರಕ್ಕೆ ಸರಿದಿರುತ್ತಾನೆ. ಜೂನ್ ಅಯನದ, ಅಂದರೆ ಸೂರ್ಯ ಉತ್ತರದ ತುದಿಯಲ್ಲಿ ತಿರುಗಿ ನಿಲ್ಲುವ ದಿನದ, ಮಾತನ್ನು ಮಲೆನಾಡಿನಲ್ಲಿ ಎತ್ತುವುದೇ ಬೇಡ. ಡಿಸೆಂಬರ್‌ನಲ್ಲಿ ಪಾದದಿಂದ 3.5 ಮೀಟರ್ ತ್ರಿಜ್ಯದ ಕಂಸವನ್ನು ಉತ್ತರಕ್ಕೆ ಎಳೆದರೆ, ಬಿಲ್ಲೆ ಸುಮಾರು 11:15ಕ್ಕೆ ಅದರೊಳಗೆ ಬಂದು 1:37ರ ಸುಮಾರಿಗೆ ಹೊರಗೆ ಹೋಗುತ್ತದೆ. ಬೆಳಗಿನ ಮಂಜು ಕರಗಲು ಅಷ್ಟು ಹೊತ್ತು ಸಾಕು.

ಮಾರ್ಚ್‌ನ ಹತ್ತು ಮಧ್ಯಾಹ್ನಗಳು

ಅಳತೆಯನ್ನು ಮಾತ್ರ ವಿಷುವದ ಹೊತ್ತಿನಲ್ಲಿ ಮಾಡಬೇಕು. ಕಾರಣ ಸರಳ. ಡಿಸೆಂಬರ್ 21ಕ್ಕೂ 22ಕ್ಕೂ ನಡುವೆ ಮಧ್ಯಾಹ್ನದ ಬಿಲ್ಲೆ ಅರ್ಧ ಮಿ.ಮೀ. ಕೂಡ ಜರುಗುವುದಿಲ್ಲ, ಮಾರ್ಚ್ 20ಕ್ಕೂ 21ಕ್ಕೂ ನಡುವೆ 29 ಮಿ.ಮೀ. ಜರುಗುತ್ತದೆ, ಅಂದರೆ ಗಂಟೆಗೆ 1.2 ಮಿ.ಮೀ. ಸೂರ್ಯನು ತಿರುಗಿ ನಿಲ್ಲುವ ದಿನವನ್ನು ಹಿಡಿಯುವುದು ಉಯ್ಯಾಲೆಯ ತುದಿಯನ್ನು ಹಿಡಿದಂತೆ, ಅಲ್ಲಿ ಅದು ಯಾವಾಗ ನಿಂತಿತೆಂದು ಹೇಳಲಾಗದು. ನಡುವಿನಲ್ಲಿ ಅದು ರಭಸದಿಂದ ಹಾದುಹೋಗುವ ಕ್ಷಣವನ್ನು ಹೇಳುವುದು ಸುಲಭ. ಸೆಪ್ಟೆಂಬರ್ ವಿಷುವವೂ ಲೆಕ್ಕದಲ್ಲಿ ಇಷ್ಟೇ ಒಳ್ಳೆಯದು, ಆದರೆ ಆಗ ನಮ್ಮ ಕಡೆ ಮೋಡ ಬಿಟ್ಟುಕೊಟ್ಟಿರುವುದಿಲ್ಲ.

ಮಾರ್ಚ್ 16ರಿಂದ 25ರವರೆಗೆ ದಿನವೂ ಮಧ್ಯಾಹ್ನ 12:30ಕ್ಕೆ ಕೋಣೆಯಲ್ಲಿ ಕುಳಿತಿರಬೇಕು. ಭಾರತೀಯ ಕಾಲಮಾನವು 82.5 ಡಿಗ್ರಿ ರೇಖಾಂಶದ್ದು, ಶಿವಮೊಗ್ಗ ಇರುವುದು 75.57ರಲ್ಲಿ, ಅದರಿಂದಲೇ ನಮ್ಮ ಮಧ್ಯಾಹ್ನಕ್ಕೆ 28 ನಿಮಿಷ ತಡ, ಮಾರ್ಚ್‌ನಲ್ಲಿ ಮೇಲೆ ಇನ್ನೊಂದು ಏಳೆಂಟು ನಿಮಿಷ. ಹೀಗೆ 12:35ರ ಸುಮಾರಿಗೆ ಬಿಲ್ಲೆ ರೇಖೆಯನ್ನು ದಾಟುತ್ತದೆ. ಮೊದಲ ಸಲ ನೋಡುವವರಿಗೆ ಅದರ ವೇಗ ಆಶ್ಚರ್ಯ ಹುಟ್ಟಿಸುತ್ತದೆ: ನಿಮಿಷಕ್ಕೆ 18 ಮಿ.ಮೀ. ನಂತೆ ಪಶ್ಚಿಮದಿಂದ ಪೂರ್ವಕ್ಕೆ ಅದು ಕಣ್ಣೆದುರಿಗೇ ತೆವಳುತ್ತದೆ, ಅದರೊಳಗೆ ತೇಲುವ ಧೂಳಿನ ನೆರಳೂ ಕಾಣುತ್ತದೆ, ಮುಂಭಾಗ ರೇಖೆ ಮುಟ್ಟಿದ್ದರಿಂದ ಹಿಂಭಾಗ ಬಿಡುವವರೆಗೆ ಎರಡು ನಿಮಿಷ ಚಿಲ್ಲರೆ ಮಾತ್ರ. ರೇಖೆಯ ಮೇಲೆ ಒಂದು ಬಿಳಿ ಕಾಗದವನ್ನು ಹಾಸಿ, ರೇಖೆ ಬಿಲ್ಲೆಯನ್ನು ಸರಿಯಾಗಿ ಇಬ್ಭಾಗ ಮಾಡಿದ ಗಳಿಗೆಯಲ್ಲಿ ಉತ್ತರದ ಅಂಚಿಗೊಂದು, ದಕ್ಷಿಣದ ಅಂಚಿಗೊಂದು ಗೀರು ಎಳೆಯಬೇಕು. ಎರಡು ಗೀರುಗಳ ನಡುವಿನ ಬಿಂದು ಪಾದದಿಂದ ಎಷ್ಟು ದೂರ ಎಂಬುದೇ ಆ ದಿನದ ಅಳತೆ. ವಿಷುವದ ದಿನ ಅದು 992 ಮಿ.ಮೀ. ಸುತ್ತಮುತ್ತ ಇರುತ್ತದೆ.

ಹತ್ತು ದಿನಗಳ ಅಳತೆಗಳನ್ನು ಗ್ರಾಫ್ ಹಾಳೆಯಲ್ಲಿ ಇಟ್ಟರೆ ಅವು ಹತ್ತಿರಹತ್ತಿರ ಒಂದು ಸರಳರೇಖೆಯಲ್ಲಿ ಕೂರುತ್ತವೆ. ಒಂದು ದಿನ ಕೈ ನಡುಗಿದ್ದರೆ ಆ ಚುಕ್ಕೆ ರೇಖೆಯಿಂದ ಹೊರಗೆ ನಿಂತು ತಾನೇ ಒಪ್ಪಿಕೊಳ್ಳುತ್ತದೆ. ಇಲ್ಲಿ ಒಂದು ಅನುಕೂಲದ ಮಾತಿದೆ, ಪುಸ್ತಕಗಳು ಇದನ್ನು ಒತ್ತಿ ಹೇಳುವುದು ಕಡಿಮೆ. ವರ್ಷದ ಉದ್ದಕ್ಕೆ ನಿಜವಾದ ವಿಷುವಬಿಂದು ನೆಲದಲ್ಲಿ ಎಲ್ಲಿದೆ ಎಂದು ತಿಳಿಯಬೇಕಾಗಿಯೇ ಇಲ್ಲ. ಅಲ್ಲಿಗೆ ಹತ್ತಿರದ ಯಾವುದಾದರೂ ಒಂದು ಗುರುತನ್ನು ಆರಿಸಿಕೊಂಡು, ಬಿಲ್ಲೆಯ ನಡು ಈ ವರ್ಷ ಆ ಗುರುತನ್ನು ದಾಟಿದ್ದು ಯಾವಾಗ, ಮುಂದಿನ ವರ್ಷ ದಾಟಿದ್ದು ಯಾವಾಗ ಎಂಬುದನ್ನು ಗ್ರಾಫ್‌ನಿಂದ ಓದಿಕೊಂಡರೆ ಸಾಕು. ಅಕ್ಷಾಂಶದ ಲೆಕ್ಕದಲ್ಲಿ ತಪ್ಪಿದ್ದರೂ ಎರಡೂ ವರ್ಷಗಳಲ್ಲಿ ಅದೇ ತಪ್ಪು ಇರುವುದರಿಂದ ಕಳೆದಾಗ ಹೊರಟುಹೋಗುತ್ತದೆ.

ಪಾದದ ಗುರುತು ಸರಿಯಿದೆಯೇ ಎಂದು ಪರೀಕ್ಷಿಸಲು ಏಪ್ರಿಲ್ 27ರ ಸುಮಾರಿನ ಎರಡು ಮೂರು ದಿನ ತಗಡನ್ನು ಮತ್ತೆ ಕೂರಿಸಿ ಕಾಯಬೇಕು. ಆಗ ಶಿವಮೊಗ್ಗದಲ್ಲಿ ಸೂರ್ಯ ಮಧ್ಯಾಹ್ನ 12:25ಕ್ಕೆ ನೆತ್ತಿಯ ಮೇಲೆ ಬರುತ್ತಾನೆ, ಬಿಲ್ಲೆ ದಿನಕ್ಕೆ 22 ಮಿ.ಮೀ. ನಂತೆ ಪಾದವನ್ನು ದಾಟಿ ದಕ್ಷಿಣಕ್ಕೆ ಹೋಗುತ್ತದೆ. ಎರಡನೆಯ ಸಲ ಹೀಗಾಗುವುದು ಆಗಸ್ಟ್ 15ರ ಸುಮಾರಿಗೆ. ಧ್ವಜಸ್ತಂಭಕ್ಕೆ ನೆರಳಿಲ್ಲದ ಸ್ವಾತಂತ್ರ್ಯೋತ್ಸವ ನಮ್ಮ ಜಿಲ್ಲೆಯ ವಿಶೇಷವಾಗಬೇಕಿತ್ತು, ಮೋಡ ಅದಕ್ಕೆ ಅವಕಾಶ ಕೊಡುವುದು ಅಪರೂಪ.

ಎರಡನೆಯ ವರ್ಷ, ಮತ್ತು ಮಂಗಗಳು

ಎರಡನೆಯ ಮಾರ್ಚ್‌ನಲ್ಲಿ ಅದೇ ತಾರೀಖಿನ ಮಧ್ಯಾಹ್ನ ಬಿಲ್ಲೆ ಹಿಂದಿನ ವರ್ಷದ ಗುರುತನ್ನು ಮುಟ್ಟುವುದಿಲ್ಲ. ಸುಮಾರು 7 ಮಿ.ಮೀ. ಉತ್ತರಕ್ಕೇ ನಿಂತುಬಿಡುತ್ತದೆ. 365 ದಿನ ಕಳೆದರೂ ವರ್ಷ ಇನ್ನೂ ಮುಗಿದಿಲ್ಲ, ಹತ್ತಿರಹತ್ತಿರ ಕಾಲು ದಿನ ಬಾಕಿಯಿದೆ ಎಂಬುದಕ್ಕೆ ಆ 7 ಮಿ.ಮೀ. ಸಾಕ್ಷಿ. ಮೂರನೆಯ ಮಾರ್ಚ್‌ನಲ್ಲಿ 14, ನಾಲ್ಕನೆಯದರಲ್ಲಿ 21. ನಡುವೆ ಯಾವಾಗಲಾದರೂ ಫೆಬ್ರವರಿ 29 ಬಂದೊಡನೆ ಬಿಲ್ಲೆ ಒಂದು ದಿನದ 29 ಮಿ.ಮೀ. ಅಷ್ಟನ್ನೂ ಒಮ್ಮೆಗೇ ಮುಂದೆ ಹಾರುತ್ತದೆ. ಹೀಗೆ ನಾಲ್ಕು ವರ್ಷ ತುಂಬಿದಾಗ ಅದು ಮೊದಲ ಗುರುತಿನ ಮೇಲೆಯೇ ಬಂದು ನಿಂತಂತೆ ಕಾಣುತ್ತದೆ, ಆದರೆ ಲೆಕ್ಕದ ಪ್ರಕಾರ ಒಂದು ಮಿ.ಮೀ.ಗಿಂತ ತುಸು ಕಡಿಮೆ ದಕ್ಷಿಣಕ್ಕೆ ದಾಟಿರುತ್ತದೆ. ತಪ್ಪದೆ ನಾಲ್ಕು ವರ್ಷಕ್ಕೊಂದು ಅಧಿಕ ದಿನವಿಡುತ್ತಿದ್ದ ಹಳೆಯ ಜೂಲಿಯನ್ ಕ್ಯಾಲೆಂಡರಿನ 365.25 ದಿನಗಳಿಗೂ ನಿಜವಾದ ವರ್ಷಕ್ಕೂ ಇರುವ 11 ನಿಮಿಷ ಚಿಲ್ಲರೆಯ ವ್ಯತ್ಯಾಸವೇ ಆ ಒಂದು ಮಿ.ಮೀ. ಇದು ಸುಮಾರು 128 ವರ್ಷಕ್ಕೆ ಒಂದು ದಿನವಾಗಿ ಬೆಳೆದದ್ದರಿಂದಲೇ 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆಯಬೇಕಾಗಿ ಬಂತು, ಮತ್ತು 400 ವರ್ಷಗಳಲ್ಲಿ 100ರ ಬದಲು 97 ಅಧಿಕ ದಿನಗಳನ್ನು ಇಡುವ ಏರ್ಪಾಡಾಯಿತು.

ನಮ್ಮ ಮನೆಯಲ್ಲಿ ಎರಡನೆಯ ವರ್ಷದ ಅಳತೆ ಹಾಳಾಯಿತು. ಸೀಮೆಸುಣ್ಣದ ಗುರುತುಗಳನ್ನು ಯುಗಾದಿಗೆ ಮುಂಚೆ ನೆಲ ತಿಕ್ಕುವಾಗ ಅಮ್ಮ ಒರೆಸಿಬಿಟ್ಟಿದ್ದರು. ಯುಗಾದಿಯೂ ವಿಷುವವೂ ಅಕ್ಕಪಕ್ಕದಲ್ಲೇ ಬರುತ್ತವೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಅದು ಸಾಲದೆಂಬಂತೆ ಮಂಗಗಳು ಮಾಡಿನ ಮೇಲೆ ಓಡಾಡಿ ತಗಡನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿದ್ದವು. ಆದ್ದರಿಂದ ಎರಡು ಎಚ್ಚರಿಕೆ. ಗುರುತುಗಳಿಗೆ ಸಣ್ಣ ಹಿತ್ತಾಳೆ ಮೊಳೆಗಳನ್ನು ನೆಲದ ಮಟ್ಟಕ್ಕೆ ಹೊಡೆದುಬಿಡಬೇಕು. ಮತ್ತು ಪ್ರತಿ ಮಾರ್ಚ್‌ನಲ್ಲಿ ತೂಕದ ಗುಂಡನ್ನು ಹೊಸದಾಗಿ ಇಳಿಬಿಟ್ಟು ಆ ವರ್ಷದ ಪಾದವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮಂಗಗಳು ಬಾರದಿದ್ದರೂ ಮಳೆಗಾಲದಲ್ಲಿ ಪಕಾಸಿಗಳ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಕಿಂಡಿ ಇದ್ದಲ್ಲೇ ಇರುವುದಿಲ್ಲ. ಕಿಂಡಿ ಪಕ್ಕಕ್ಕೆ 1 ಮಿ.ಮೀ. ಸರಿದರೆ ಬಿಲ್ಲೆಯೂ ಅಷ್ಟೇ ಸರಿಯುತ್ತದೆ, ಹೊಸ ಪಾದ ಅದನ್ನು ಸರಿಪಡಿಸುತ್ತದೆ. ಎತ್ತರದಲ್ಲಿ 1 ಮಿ.ಮೀ. ಬದಲಾದರೆ ಬಿಲ್ಲೆ ಕಾಲು ಮಿ.ಮೀ. ಮಾತ್ರ ಸರಿಯುವುದರಿಂದ ಅದು ಅಷ್ಟು ದೊಡ್ಡ ವಿಷಯವಲ್ಲ.

ತಪ್ಪನ್ನು ವರ್ಷಗಳಿಗೆ ಹಂಚುವುದು

ಬಿಲ್ಲೆಯ ನಡುವನ್ನು 2 ಮಿ.ಮೀ. ಒಳಗೆ ಹಿಡಿದರೆ, ಗುರುತು ದಾಟಿದ ವೇಳೆಯಲ್ಲಿ ಒಂದೂ ಮುಕ್ಕಾಲು ಗಂಟೆಯಷ್ಟು ಅನಿಶ್ಚಿತತೆ ಉಳಿಯುತ್ತದೆ. ಎರಡು ಮಾರ್ಚ್‌ಗಳ ತಪ್ಪು ಸೇರಿ ಸುಮಾರು ಎರಡೂವರೆ ಗಂಟೆ. ಒಂದು ವರ್ಷದ ಅಂತರದಲ್ಲಿ ಇದು ಕೆಟ್ಟ ಫಲಿತಾಂಶವೇ ಸರಿ. ಆದರೆ ಮೊದಲ ಮಾರ್ಚ್‌ನಿಂದ ಹನ್ನೊಂದನೆಯ ಮಾರ್ಚ್‌ವರೆಗಿನ ಒಟ್ಟು ಅವಧಿಯನ್ನು ಅಳೆದು ಹತ್ತರಿಂದ ಭಾಗಿಸಿದರೆ ಅದೇ ಎರಡೂವರೆ ಗಂಟೆಯ ತಪ್ಪು ಹತ್ತು ವರ್ಷಗಳಿಗೆ ಹಂಚಿಹೋಗಿ, ಪ್ರತಿ ವರ್ಷದ ಪಾಲಿಗೆ 15 ನಿಮಿಷ ಮಾತ್ರ ಬರುತ್ತದೆ. ಇಪ್ಪತ್ತು ವರ್ಷಕ್ಕೆ ಏಳೂವರೆ ನಿಮಿಷ. ದಿನಕ್ಕೊಂದರಂತೆ ಹತ್ತು ಅಳತೆಗಳನ್ನು ರೇಖೆಗೆ ಕೂರಿಸಿದ್ದರೆ ಇನ್ನೂ ಉತ್ತಮ. ವರ್ಷದ ಉದ್ದವನ್ನು ಅಳೆಯುವ ವಿದ್ಯೆಯಲ್ಲಿ ಉಪಕರಣಕ್ಕಿಂತ ಎರಡು ಅಳತೆಗಳ ನಡುವಿನ ಅಂತರವೇ ಹೆಚ್ಚು ಕೆಲಸ ಮಾಡುತ್ತದೆ.

ಪ್ರಕಟವಾಗಿರುವ ವಿಷುವದ ವೇಳೆಗಳನ್ನೇ ತೆಗೆದುಕೊಂಡು ಲೆಕ್ಕ ಮಾಡಿ ನೋಡಬಹುದು. ಭಾರತೀಯ ಕಾಲಮಾನದಲ್ಲಿ ಮಾರ್ಚ್ ವಿಷುವವು 2020ರಲ್ಲಿ 20ರ ಬೆಳಿಗ್ಗೆ 9:20ಕ್ಕೆ, 2021ರಲ್ಲಿ 20ರ ಮಧ್ಯಾಹ್ನ 3:07ಕ್ಕೆ, 2022ರಲ್ಲಿ 20ರ ರಾತ್ರಿ 9:03ಕ್ಕೆ, 2023ರಲ್ಲಿ 21ರ ನಸುಕಿನ 2:54ಕ್ಕೆ, 2024ರಲ್ಲಿ 20ರ ಬೆಳಿಗ್ಗೆ 8:36ಕ್ಕೆ ಸಂಭವಿಸಿತು. ಮೊದಲ ವರ್ಷ 365 ದಿನದ ಮೇಲೆ 5 ಗಂಟೆ 47 ನಿಮಿಷ, ಎರಡನೆಯದು 5 ಗಂಟೆ 56 ನಿಮಿಷ, ಮೂರನೆಯದು 5 ಗಂಟೆ 51, ನಾಲ್ಕನೆಯದು 5 ಗಂಟೆ 42. ಒಂದೊಂದು ವರ್ಷವೂ ಒಂದೊಂದು ಉದ್ದ! ಇದು ಅಳತೆಯ ತಪ್ಪಲ್ಲ. ಚಂದ್ರನೂ ಇತರ ಗ್ರಹಗಳೂ ಭೂಮಿಯನ್ನು ಅತ್ತಿತ್ತ ಎಳೆಯುವುದರಿಂದ ವಿಷುವಗಳ ನಡುವಿನ ಅವಧಿ ನಿಜವಾಗಿಯೂ ಹಲವು ನಿಮಿಷ ಹೆಚ್ಚುಕಡಿಮೆಯಾಗುತ್ತದೆ. ಆದರೆ 2020ರಿಂದ 2024ಕ್ಕೆ ನೇರವಾಗಿ ಹೋದರೆ 1461 ದಿನಕ್ಕೆ 44 ನಿಮಿಷ ಕಡಿಮೆ, ನಾಲ್ಕರಿಂದ ಭಾಗಿಸಿದರೆ 365 ದಿನ 5 ಗಂಟೆ 49 ನಿಮಿಷ. ನಾಲ್ಕೇ ವರ್ಷಗಳ ಅಂತರ ಇಷ್ಟನ್ನು ಮಾಡಿತು.

ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಖಗೋಳಶಾಸ್ತ್ರಜ್ಞ ಹಿಪ್ಪಾರ್ಕಸ್ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ತನಗಿಂತ 145 ವರ್ಷ ಹಿಂದೆ ಅರಿಸ್ಟಾರ್ಕಸ್ ನೋಡಿದ್ದ ಅಯನವನ್ನು ತನ್ನದರೊಡನೆ ಹೋಲಿಸಿ, ವರ್ಷವು 365 ಕಾಲು ದಿನಕ್ಕಿಂತ ಒಂದು ದಿನದ 300ನೇ ಒಂದು ಭಾಗದಷ್ಟು ಕಡಿಮೆ ಎಂದ. ಅದು ನಿಜಕ್ಕಿಂತ ಆರೂವರೆ ನಿಮಿಷದಷ್ಟು ಮಾತ್ರ ಹೆಚ್ಚು. ಅಂತರ ಉದ್ದವಿದ್ದರೂ ಹಳೆಯ ಅಳತೆಯೇ ಕೆಟ್ಟಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿರಿಯಾದ ರಖ್ಖಾದಲ್ಲಿ ಕೆಲಸ ಮಾಡಿದ ಅಲ್ ಬತ್ತಾನಿಯ ಉದಾಹರಣೆಯಿದೆ. ಆತ 882ರ ತನ್ನ ವಿಷುವವನ್ನು ಟಾಲೆಮಿಯ 139ರ ವಿಷುವದೊಂದಿಗೆ ಜೋಡಿಸಿ 365 ದಿನ 5 ಗಂಟೆ 46 ನಿಮಿಷ 24 ಸೆಕೆಂಡು ಎಂಬ ಫಲಿತಾಂಶ ಪಡೆದ. ಇದರಲ್ಲಿ 2 ನಿಮಿಷ 21 ಸೆಕೆಂಡು ಕೊರತೆ; ಅದನ್ನು 743 ವರ್ಷಗಳಿಂದ ಗುಣಿಸಿದರೆ ಸುಮಾರು 29 ಗಂಟೆ. ಟಾಲೆಮಿ ದಾಖಲಿಸಿದ ವಿಷುವವೇ ಒಂದು ದಿನಕ್ಕೂ ಹೆಚ್ಚು ತಪ್ಪಿತ್ತು, ಅಲ್ ಬತ್ತಾನಿಯ ಕೈ ಸರಿಯಾಗಿಯೇ ಇತ್ತು. ನಮ್ಮ ಕಿಂಡಿಯ ಹಿರಿಯಣ್ಣ ಇರುವುದು ಇಟಲಿಯ ಬೊಲೊನ್ಯದಲ್ಲಿ: ಅಲ್ಲಿನ ಸಾನ್ ಪೆಟ್ರೋನಿಯೊ ಇಗರ್ಜಿಯ ಛಾವಣಿಯಲ್ಲಿ 27 ಮೀಟರ್ ಎತ್ತರದ ತೂತಿನ ಕೆಳಗೆ ಖಗೋಳಶಾಸ್ತ್ರಜ್ಞ ಕ್ಯಾಸಿನಿ 1655ರಲ್ಲಿ ಇಂಥದೇ ರೇಖೆಯನ್ನು ನೆಲಕ್ಕೆ ಇಳಿಸಿದ. ಅಲ್ಲಿ ವಿಷುವದ ಹೊತ್ತಿಗೆ ಬಿಲ್ಲೆ ಗಂಟೆಗೆ 15 ಮಿ.ಮೀ. ಸರಿಯುತ್ತದೆ. ಜೈಪುರದ ಜಂತರ್ ಮಂತರ್‌ನ ಷಷ್ಠಾಂಶ ಯಂತ್ರವೂ ಕತ್ತಲೆ ಕೋಣೆ ಮತ್ತು ಸಣ್ಣ ತೂತಿನ ಇದೇ ಉಪಾಯ.

ನಕ್ಷತ್ರದ ವರ್ಷಕ್ಕೆ

ನಾಕ್ಷತ್ರಿಕ ವರ್ಷದ ಅಳತೆ ಇದಕ್ಕಿಂತ ಸುಲಭ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಂದು ಸ್ವಚ್ಛ ರಾತ್ರಿ, ಸಾಕಷ್ಟು ಮೇಲೇರಿರುವ ಒಂದು ಪ್ರಕಾಶಮಾನ ನಕ್ಷತ್ರವನ್ನು, ಉದಾಹರಣೆಗೆ ಚಿತ್ತೆಯನ್ನು, ಆರಿಸಿಕೊಳ್ಳಬೇಕು. ಸುಮಾರು 10 ಮೀಟರ್ ದೂರದ ಗೋಡೆಯ ನೆಟ್ಟನೆಯ ಅಂಚಿನ ಹಿಂದೆ ಅದು ಮರೆಯಾಗುವುದನ್ನು, ಗಟ್ಟಿಯಾಗಿ ನೆಟ್ಟ ಹಲಗೆಯೊಂದರ ಸಣ್ಣ ತೂತಿಗೆ ಕಣ್ಣಿಟ್ಟು ನೋಡಿ, ಮೊಬೈಲ್ ಗಡಿಯಾರದಲ್ಲಿ ಸೆಕೆಂಡು ಸಮೇತ ಬರೆದುಕೊಳ್ಳಬೇಕು. ಸೂರ್ಯನಂತೆ ನಕ್ಷತ್ರಕ್ಕೆ ಅಗಲವಿಲ್ಲ; ಅದು ಇದ್ದದ್ದು ಇದ್ದಂತೆಯೇ ಥಟ್ಟನೆ ಆರಿಹೋಗುತ್ತದೆ. ಹಲಗೆ ಒಂದು ಮಿ.ಮೀ. ಕೂಡ ಅಲುಗಬಾರದು, ಏಕೆಂದರೆ ಅಷ್ಟು ದೂರದಲ್ಲಿ ಸೆಕೆಂಡಿಗೆ ಮುಕ್ಕಾಲು ಮಿ.ಮೀ. ನಷ್ಟೇ ವ್ಯತ್ಯಾಸ.

ಮರುರಾತ್ರಿ ಅದೇ ನಕ್ಷತ್ರ 3 ನಿಮಿಷ 56 ಸೆಕೆಂಡು ಬೇಗ ಮರೆಯಾಗುತ್ತದೆ. ಒಂದು ವರ್ಷದ ನಂತರ ಅದೇ ತಾರೀಖಿನಂದು ಹಿಂದಿನ ವರ್ಷಕ್ಕಿಂತ ಒಂದು ನಿಮಿಷ ತಡವಾಗಿ ಮರೆಯಾಗುತ್ತದೆ. ದಿನಕ್ಕೆ 236 ಸೆಕೆಂಡಿನ ಲೆಕ್ಕದಲ್ಲಿ ಆ 60 ಸೆಕೆಂಡು ಎಂದರೆ ಕಾಲು ದಿನ ಚಿಲ್ಲರೆ, ವೇಳೆಯಲ್ಲಿ ಒಂದು ಸೆಕೆಂಡಿನ ತಪ್ಪು ವರ್ಷದಲ್ಲಿ ಆರು ನಿಮಿಷದ ತಪ್ಪು. ಬಿಲ್ಲೆಯ ಎರಡೂವರೆ ಗಂಟೆಗೆ ಹೋಲಿಸಿದರೆ ಇದು ಎಷ್ಟೋ ಮೇಲು. ನಾಲ್ಕು ವರ್ಷ ತುಂಬಿ ಒಂದು ಫೆಬ್ರವರಿ 29 ಕಳೆದ ಮೇಲೆ ನಕ್ಷತ್ರವು ಮೊದಲ ವೇಳೆಗಿಂತ ಆರು ಸೆಕೆಂಡು ತಡವಾಗಿ ಮರೆಯಾಗುವುದು ಕಾಣುತ್ತದೆ. ಇದನ್ನು ಬಿಲ್ಲೆಯ ಪಕ್ಕದಲ್ಲಿಟ್ಟು ನೋಡಿ: 1461 ದಿನಗಳಲ್ಲಿ ಬಿಲ್ಲೆ ತನ್ನ ಗುರುತನ್ನು ದಾಟಿ ಮುಂದೆ ಹೋಗಿತ್ತು, ನಕ್ಷತ್ರ ಇನ್ನೂ ಹಿಂದೆ ಉಳಿದಿದೆ. ಒಂದು ವರ್ಷ 365 ಕಾಲಿಗಿಂತ ಕಡಿಮೆ, ಇನ್ನೊಂದು ಹೆಚ್ಚು ಎಂಬುದು ಮನೆಯಲ್ಲೇ ಸಾಬೀತಾಯಿತು.

ಆರ್ಯಭಟನು ಕೊಟ್ಟ ವರ್ಷ 365 ದಿನ 6 ಗಂಟೆ 12 ನಿಮಿಷ 30 ಸೆಕೆಂಡು, ಸೂರ್ಯಸಿದ್ಧಾಂತದ್ದು ಅದಕ್ಕಿಂತ ಏಳು ಸೆಕೆಂಡಿನಷ್ಟು ಹೆಚ್ಚು. ಇವೆರಡೂ ನಾಕ್ಷತ್ರಿಕ ವರ್ಷವನ್ನೇ ಉದ್ದೇಶಿಸಿದ್ದವು, ಇಂದಿನ ಬೆಲೆಗಿಂತ ಮೂರು ಮೂರೂವರೆ ನಿಮಿಷ ಮಾತ್ರ ಹೆಚ್ಚಿದ್ದವು. ಮಲೆನಾಡಿನ ರೈತರು ಇಂದಿಗೂ ಮೃಗಶಿರ, ಆರಿದ್ರಾ, ಪುಷ್ಯ ಎಂದು ಎಣಿಸುವ ಮಳೆಗಳು ಸೂರ್ಯನು ಆಯಾ ನಕ್ಷತ್ರದಲ್ಲಿರುವ ಹದಿಮೂರೂವರೆ ದಿನಗಳ ತುಂಡುಗಳು. ಅಂದರೆ ಇದು ನಕ್ಷತ್ರದ ವರ್ಷದ ಲೆಕ್ಕ. ಮೋಡಗಳಿಗೆ ನಕ್ಷತ್ರದ ಗೊಡವೆಯಿಲ್ಲ, ಅವು ಸಾಯನ ವರ್ಷದವು. ಎರಡರ ನಡುವೆ ಸುಮಾರು 71 ವರ್ಷಕ್ಕೆ ಒಂದು ದಿನ ಜಾರುತ್ತದೆ, 950 ವರ್ಷಕ್ಕೆ ಒಂದು ಇಡೀ ನಕ್ಷತ್ರವೇ ಜಾರುತ್ತದೆ. ಹೊಯ್ಸಳರ ಕಾಲದ ರೈತನ ಆರಿದ್ರಾ ಮಳೆ ಋತುವಿನ ಲೆಕ್ಕದಲ್ಲಿ ಹತ್ತಿರಹತ್ತಿರ ನಮ್ಮ ಮೃಗಶಿರ ಮಳೆ.

ಶೃಂಗೇರಿಯ ವಿದ್ಯಾಶಂಕರ ದೇವಾಲಯದ 12 ರಾಶಿಕಂಬಗಳನ್ನು ನೋಡುವಾಗಲೂ ನನಗೆ ಈ ಲೆಕ್ಕವೇ ನೆನಪಾಗುತ್ತದೆ. ಸೂರ್ಯ ಆಯಾ ರಾಶಿಯಲ್ಲಿರುವಾಗ ಬೆಳಗಿನ ಕಿರಣ ಆಯಾ ಕಂಬದ ಮೇಲೆ ಬೀಳುತ್ತದೆ ಎಂಬ ನಂಬಿಕೆಯಿದೆ. ಕಿರಣದ ದಿಕ್ಕನ್ನು ನಿರ್ಧರಿಸುವುದು ಸೂರ್ಯನ ಉತ್ತರ ದಕ್ಷಿಣ ಸ್ಥಾನ, ಅದು ಸಾಯನ. ಕಂಬದ ಮೇಲೆ ಕೆತ್ತಿದ ರಾಶಿ ನಿರಯನ, ಅಂದರೆ ನಕ್ಷತ್ರದ ವರ್ಷದ ಲೆಕ್ಕದ್ದು. ದೇವಾಲಯ 14ನೆಯ ಶತಮಾನದ್ದಾದ್ದರಿಂದ ಇಷ್ಟು ಹೊತ್ತಿಗೆ ಎರಡರ ನಡುವೆ ಒಂಬತ್ತು ಹತ್ತು ದಿನಗಳ ಅಂತರ ಬಿದ್ದಿರಲೇಬೇಕು.

ಇಂದಿನ ಖಗೋಳಶಾಸ್ತ್ರಜ್ಞರು ವಿಷುವದ ಕ್ಷಣಕ್ಕಾಗಿ ಕಾಯುವುದಿಲ್ಲ. ಭೂಮಿ ಮತ್ತು ಗ್ರಹಗಳ ಕಕ್ಷೆಗಳನ್ನು ರೇಡಾರ್ ಹಾಗೂ ಬಾಹ್ಯಾಕಾಶ ನೌಕೆಗಳ ಅಳತೆಗಳಿಂದ ಕಟ್ಟಿ, ಅಕ್ಷದ ಓಲಾಟವನ್ನು ಕ್ವೇಸಾರ್ ಎಂಬ ಅತಿದೂರದ ಆಕಾಶಕಾಯಗಳನ್ನು ಆಧಾರವಾಗಿಟ್ಟು ರೇಡಿಯೊ ದೂರದರ್ಶಕಗಳಿಂದ ಅಳೆದು, ಎರಡನ್ನೂ ಸೇರಿಸಿ ಸರಾಸರಿ ವರ್ಷವನ್ನು ಲೆಕ್ಕಹಾಕುತ್ತಾರೆ. 1960ರಿಂದ 1967ರವರೆಗೆ ಸೆಕೆಂಡಿನ ಅಂತಾರಾಷ್ಟ್ರೀಯ ವ್ಯಾಖ್ಯೆಯೇ 1900ರ ಸಾಯನ ವರ್ಷದ 31,556,925.9747ನೇ ಒಂದು ಭಾಗ ಎಂದಾಗಿತ್ತು. ಆಮೇಲೆ ಆ ಜಾಗಕ್ಕೆ ಸೀಸಿಯಮ್ ಪರಮಾಣು ಬಂತು. ಸಾಯನ ವರ್ಷವೂ ಶತಮಾನಕ್ಕೆ ಅರ್ಧ ಸೆಕೆಂಡಿನಷ್ಟು ಕುಗ್ಗುತ್ತಿದೆ. ನಮ್ಮ ಕಿಂಡಿಗೆ ಅದು ಎಂದೂ ಕಾಣುವುದಿಲ್ಲ.

ಇನ್ನು ಟಿಪ್ಪಣಿ ಪುಸ್ತಕದ ವಿಷಯ. ಪ್ರತಿ ವರ್ಷವೂ ಕಿಂಡಿಯ ಎತ್ತರ, ಹೊಸ ಪಾದವು ಹಳೆಯ ಮೊಳೆಯಿಂದ ಎಷ್ಟು ದೂರ ಮತ್ತು ಯಾವ ದಿಕ್ಕಿಗೆ, ಹತ್ತು ದಿನಗಳ ಎರಡೆರಡು ಅಂಚುಗಳ ಅಳತೆ, ರೇಖೆ ದಾಟಿದ ವೇಳೆ ಇವನ್ನು ಲೆಕ್ಕ ಮಾಡುವ ಮೊದಲು, ಇದ್ದದ್ದು ಇದ್ದಂತೆ ಬರೆದಿಡಬೇಕು. ಭಾಗಾಕಾರ ಮಾಡಿದ ಉತ್ತರವನ್ನಷ್ಟೇ ಉಳಿಸಿದರೆ ಮುಂದಿನವರಿಗೆ ಅದು ಉಪಯೋಗಕ್ಕೆ ಬಾರದು. ಮನೆಯಲ್ಲಿ ನೆಲಕ್ಕೆ ಟೈಲ್ಸ್ ಹಾಕಿಸುವ ಮಾತು ಬಂದರೆ, ಕೆಲಸದವರು ಬರುವ ಹಿಂದಿನ ದಿನವೇ ಪ್ರತಿಯೊಂದು ಮೊಳೆಯ ದೂರವನ್ನು ಕೋಣೆಯ ಎರಡು ಕಂಬಗಳ ಬುಡದಿಂದ ಅಳೆದು ಅದೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆಗ ಹೊಸ ನೆಲದ ಮೇಲೆ ಹಳೆಯ ಮೊದಲ ಮಾರ್ಚ್‌ನ ಗುರುತನ್ನು ಮತ್ತೆ ಮೂಡಿಸಬಹುದು.